ಮಕ್ಕಳು ಮನೆ ಬದಲಿಸಿದರೆ ಸೌಲಭ್ಯ ತಾನಾಗಿ ಹಿಂದೆ ಬರಲ್ಲ, ನಾವೇ ಎಳೆದು ತರಬೇಕು

ಎರಡು ವರ್ಷದ ಹಿಂದೆ, ಜೂನ್ ಮಳೆಯಲ್ಲಿ, ನನ್ನ ತಂಗಿ ಮೂಡಿಗೆರೆ ಕಡೆಯಿಂದ ಎರಡು ಮಕ್ಕಳನ್ನು ಕರೆದುಕೊಂಡು ಬೇಲೂರು ತಾಲ್ಲೂಕಿನ ನಮ್ಮ ಮನೆಗೆ ಬಂದಳು. ಕೈಯಲ್ಲಿ ಒಂದು ಬಟ್ಟೆ ಬ್ಯಾಗು, ದೊಡ್ಡವನ ಸ್ಕೂಲ್ ಬ್ಯಾಗು, ಅಷ್ಟೇ. ಅವನು ಆಗ ಮೂರನೇ ಕ್ಲಾಸು, ಚಿಕ್ಕವಳಿಗೆ ಎರಡೂವರೆ ವರ್ಷ. ಆಧಾರ್, ಜನನ ಪತ್ರ, ತಾಯಿ ಕಾರ್ಡು, ಮಗಳ ಪೋಸ್ಟಾಫೀಸ್ ಪಾಸ್‌ಬುಕ್ಕು, ಎಲ್ಲಾ ಅಲ್ಲೇ ಗಂಡನ ಮನೆ ಬೀರುವಿನಲ್ಲಿ.

ಮನೆಯಲ್ಲಿ ದೊಡ್ಡವರು ಹೇಳಿದ್ದು ಒಂದೇ ಮಾತು. ಪಂಚಾಯ್ತಿ ಮುಗಿಯಲಿ, ಅತ್ತ ಇತ್ತ ಏನಾದರೂ ತೀರ್ಮಾನ ಆಗಲಿ, ಆಮೇಲೆ ಕಾಗದ ಪತ್ರ ನೋಡೋಣ. ಒಂದು ಕಚೇರಿಗೆ ಹೋದರೆ ಅಲ್ಲೂ ಅದೇ, ಡೈವೋರ್ಸ್ ಆರ್ಡರ್ ತನ್ನಿ ಅಂದರು. ನಾವು ನಂಬಿಕೊಂಡು ನಾಲ್ಕು ತಿಂಗಳು ಸುಮ್ನೆ ಕೂತೆವು. ಆ ನಾಲ್ಕು ತಿಂಗಳು ಮಕ್ಕಳ ಅಕ್ಕಿ ಮೂಡಿಗೆರೆಯಲ್ಲೇ ಇಳಿಯಿತು, ಚಿಕ್ಕವಳಿಗೆ ಅಂಗನವಾಡಿ ಪುಡಿಯೂ ಸಿಗಲಿಲ್ಲ. ಆಮೇಲೆ ಗೊತ್ತಾಯಿತು, ಮಕ್ಕಳಿಗೆ ಸಿಗಬೇಕಾದ ಹೆಚ್ಚಿನ ಸೌಲಭ್ಯಕ್ಕೆ ಕೋರ್ಟಿನ ಕಾಗದವೇ ಬೇಡ. ಮಗು ಈಗ ಎಲ್ಲಿ ಇದೆ, ಯಾರ ಜೊತೆ ಇದೆ, ಅದನ್ನು ತೋರಿಸಿದರೆ ಸಾಕು. ನಾವು ಎಡವಿದ ಜಾಗದಲ್ಲಿ ನೀವೂ ಎಡವಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಗಂಡ ಹೆಂಡತಿ ಬೇರೆ ಆದರೂ ಅಷ್ಟೇ, ಯಾರಾದರೂ ತೀರಿಕೊಂಡರೂ ಅಷ್ಟೇ, ಅಪ್ಪ ಅಮ್ಮ ಬೆಂಗಳೂರಿಗೆ ದುಡಿಯಲು ಹೋಗಿ ಮಗು ಅಜ್ಜಿ ಹತ್ತಿರ ಉಳಿದರೂ ಬಹುತೇಕ ಇದೇ ದಾರಿ.

ಮೊದಲು ಕಾಗದ ಬೇಡದ ಕೆಲಸ. ಆರು ವರ್ಷದೊಳಗಿನ ಮಗು ಇದ್ದರೆ ಬಂದ ವಾರದಲ್ಲೇ ಊರಿನ ಅಂಗನವಾಡಿಗೆ ಹೋಗಿ. ಆರು ತಿಂಗಳಿಂದ ಮೂರು ವರ್ಷದವರೆಗೆ ಮನೆಗೆ ಕೊಡುವ ಆಹಾರ, ಮೂರರಿಂದ ಆರರವರೆಗೆ ಅಲ್ಲೇ ಬಿಸಿ ಊಟ. ಟೀಚರ್ ಹತ್ತಿರ ಇರುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಗುವಿನ ಹೆಸರನ್ನು ಹಳೇ ಅಂಗನವಾಡಿಯಿಂದ ಹೊಸ ಅಂಗನವಾಡಿಗೆ ವರ್ಗ ಮಾಡುವ ವ್ಯವಸ್ಥೆ ಇದೆ. ಹೊಸದಾಗಿ ಸೇರಿಸಲು ಹೋದರೆ "ಈಗಾಗಲೇ ನೋಂದಣಿ ಆಗಿದೆ" ಅಂತ ತೋರಿಸಿ ನಿಂತುಬಿಡುತ್ತದೆ. ಆದ್ದರಿಂದ "ಟೀಚರ್, ಮಗು ಅಲ್ಲಿ ರಿಜಿಸ್ಟರ್ ಆಗಿದೆ, ವರ್ಗ ಮಾಡಿಸಿಕೊಡಿ" ಅಂತಲೇ ಕೇಳಿ. ಹಳೇ ಊರಿನ ಟೀಚರ್ ಫೋನ್ ನಂಬರ್ ನಿಮ್ಮ ಹತ್ತಿರ ಇದ್ದರೆ ಅರ್ಧ ಕೆಲಸ ಆದ ಹಾಗೆ. ಊರವರು ಏನಂದುಕೊಳ್ಳುತ್ತಾರೋ ಅಂತ ನಮ್ಮಮ್ಮ ಒಂದು ತಿಂಗಳು ಮೊಮ್ಮಗಳನ್ನು ಅಂಗನವಾಡಿಗೆ ಕಳಿಸಲೇ ಇಲ್ಲ. ಊರವರಿಗೆ ಎಲ್ಲಾ ಮೊದಲನೇ ದಿನವೇ ಗೊತ್ತಾಗಿತ್ತು.

ಶಾಲೆಯದೂ ಹಾಗೇ. ಟಿ.ಸಿ. ಬರಲಿ ಅಂತ ಕಾಯಬೇಡಿ. ನಮ್ಮ ಹುಡುಗನ ಹಳೇ ಶಾಲೆಯಲ್ಲಿ "ತಂದೆಯೇ ಬಂದು ಸಹಿ ಹಾಕಬೇಕು" ಅಂತ ಎರಡು ಸಲ ವಾಪಸ್ ಕಳಿಸಿದರು. ಹೊಳೆನರಸೀಪುರದಲ್ಲಿ ಮೇಷ್ಟ್ರಾಗಿರುವ ನಮ್ಮ ದೊಡ್ಡಪ್ಪನ ಮಗ ಹೇಳಿದ ಮೇಲೆ ಗೊತ್ತಾಯಿತು, 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್‌ನಲ್ಲೇ ಇದು ಇದೆ. ಮಗು ಬೇರೆ ಶಾಲೆಗೆ ಹೋಗುತ್ತೇನೆ ಅಂದರೆ ಹೆಡ್‌ಮಾಸ್ಟರ್ ತಕ್ಷಣ ಟಿ.ಸಿ. ಕೊಡಬೇಕು, ಟಿ.ಸಿ. ಬರುವುದು ತಡವಾಯಿತು ಅಂತ ಹೊಸ ಶಾಲೆಯವರು ಸೇರಿಸಿಕೊಳ್ಳದೇ ಇರುವಂತಿಲ್ಲ. ಇದು ಒಂದರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ. ಹೊಸ ಶಾಲೆಗೆ ಹೋಗುವಾಗ ಮಗುವಿನ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ಮಗುವಿಗೆ ಇರುವ ಸಂಖ್ಯೆ) ಗೊತ್ತಿದ್ದರೆ ಒಳ್ಳೆಯದು, ಹಳೇ ಮಾರ್ಕ್ಸ್ ಕಾರ್ಡಿನಲ್ಲಿ ಇರುತ್ತದೆ. ಆ ನಂಬರ್ ಹೊಸ ಶಾಲೆಗೆ ಬಂದರೆ ಬಿಸಿಯೂಟ, ಹಾಲು, ಪುಸ್ತಕ, ಸಮವಸ್ತ್ರ ಎಲ್ಲದರ ಲೆಕ್ಕವೂ ಅಲ್ಲಿಗೆ ಬರುತ್ತದೆ. ಬಸ್ಸಿನ ವಿಷಯ ಒಂದೇ ಮಾತು. ಹುಡುಗಿಯಾದರೆ ಶಕ್ತಿ ಯೋಜನೆ ಇದೆ, ಹುಡುಗನಾದರೆ ಹೊಸ ಊರಿನಿಂದ ಶಾಲೆಗೆ ಬೇರೆ ಪಾಸು ಮಾಡಿಸಬೇಕು.

ಈಗ ಯಾರೂ ಮೊದಲೇ ಹೇಳದ ವಿಷಯಕ್ಕೆ ಬರುತ್ತೇನೆ, ಫೋನ್ ನಂಬರ್. ತಂಗಿಯ ಆಧಾರ್‌ಗೆ ಜೋಡಿಸಿದ್ದ ನಂಬರ್ ಅವಳ ಗಂಡನದು. ಮಕ್ಕಳ ಆಧಾರ್‌ಗೂ ಅದೇ ನಂಬರ್. ನಾವು ಬೇಲೂರಿನಲ್ಲಿ ಕೂತು ಏನೇ ಅರ್ಜಿ ಹಾಕಿದರೂ ಒಟಿಪಿ ಹೋಗುತ್ತಿದ್ದುದು ಮೂಡಿಗೆರೆಗೆ. ಅವನು ಕೊಡುತ್ತಾನಾ? ಒಂದು ಸಲ ಕೊಟ್ಟ, ಎರಡನೇ ಸಲ ಫೋನೇ ಎತ್ತಲಿಲ್ಲ. ಹಾಗಾಗಿ ಬೇರೆ ಯಾವ ಕೆಲಸಕ್ಕೂ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿ. ಇದಕ್ಕೆ ಯಾವ ದಾಖಲೆಯೂ ಬೇಕಿಲ್ಲ, ಬೆರಳಚ್ಚು ಕೊಟ್ಟರೆ ಆಯಿತು. ನಂಬರ್ ನಿಮ್ಮದೇ ಇರಲಿ, ಅಣ್ಣನದೋ ಪಕ್ಕದ ಮನೆ ಹುಡುಗನದೋ ಬೇಡ. ಮಕ್ಕಳನ್ನೂ ಜೊತೆಗೇ ಕರೆದುಕೊಂಡು ಹೋಗಿ. ಐದು ವರ್ಷ ತುಂಬಿದ ಮೇಲೆ ಒಂದು ಸಲ, ಹದಿನೈದು ತುಂಬಿದ ಮೇಲೆ ಇನ್ನೊಂದು ಸಲ ಮಕ್ಕಳ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಲೇಬೇಕು, ಅದು ಆಗಿಲ್ಲದಿದ್ದರೆ ಆಮೇಲೆ ಸ್ಕಾಲರ್‌ಶಿಪ್ ಹೊತ್ತಿಗೆ ತೊಂದರೆ ಕೊಡುತ್ತದೆ, ಒಂದೇ ಓಡಾಟದಲ್ಲಿ ಮುಗಿಯುತ್ತದೆ ಅಲ್ವಾ.

ವಿಳಾಸ ಬದಲಿಸಲು ಎರಡು ದಾರಿ ಇದೆ. ತವರಿನ ಹಿರಿಯರೊಬ್ಬರ ಆಧಾರ್ ವಿಳಾಸವನ್ನೇ ನಿಮ್ಮದಕ್ಕೂ ತರಬಹುದು, ಕುಟುಂಬದ ಮುಖ್ಯಸ್ಥರ ಒಪ್ಪಿಗೆ ಮೇಲೆ ವಿಳಾಸ ಬದಲಾವಣೆ ಅಂತ. 2023ರಿಂದ ಇದು ಆನ್‌ಲೈನ್‌ನಲ್ಲೇ ಆಗುತ್ತದೆ. ಅವರ ಫೋನಿಗೆ ಸಂದೇಶ ಬರುತ್ತದೆ, 30 ದಿನದೊಳಗೆ ಒಪ್ಪಿಗೆ ಕೊಡಬೇಕು. ಅಪ್ಪ ಮೆಸೇಜ್ ನೋಡುವವರಲ್ಲ, ನೀವೇ ನೋಡಿ. ಇನ್ನೊಂದು ದಾರಿ, ಆಧಾರ್‌ನವರದೇ ನಮೂನೆ ಹಾಳೆಯಲ್ಲಿ ಫೋಟೋ ಅಂಟಿಸಿ ಗ್ರಾಮ ಪಂಚಾಯ್ತಿಯಲ್ಲಿ ಸಹಿ ಸೀಲು ಹಾಕಿಸಿಕೊಂಡು ಹೋಗುವುದು. ಸಾದಾ ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡು ಹೋದರೆ ತೆಗೆದುಕೊಳ್ಳುವುದಿಲ್ಲ.

ಇನ್ನು ರೇಷನ್ ಕಾರ್ಡು. ನಿಜವಾದ ಗಂಟು ಇರುವುದು ಇಲ್ಲಿ. ಮಕ್ಕಳ ಹೆಸರು ಗಂಡನ ಮನೆ ಕಾರ್ಡಿನಲ್ಲಿ ಇರುವ ತನಕ ಇಲ್ಲಿ ಸೇರಿಸಲು ಆಗುವುದಿಲ್ಲ, ಒಂದು ಆಧಾರ್ ಎರಡು ಕಾರ್ಡಿನಲ್ಲಿ ಕೂರುವುದಿಲ್ಲ. ಅಲ್ಲಿ ತೆಗೆಸಬೇಕು, ಇಲ್ಲಿ ಸೇರಿಸಬೇಕು. ಅತ್ತೆ ಮಾವ ಒಪ್ಪಿ ತೆಗೆಸಿಕೊಟ್ಟರೆ ಸುಲಭ. ಒಪ್ಪದಿದ್ದರೆ ಹಳೇ ತಾಲ್ಲೂಕಿನ ಕಚೇರಿಯಲ್ಲಿ ಆಹಾರ ಶಾಖೆ ಇರುತ್ತದೆ, ಅಲ್ಲಿಯ ಆಹಾರ ನಿರೀಕ್ಷಕರಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ. ಬಾಯಲ್ಲಿ ಹೇಳಿ ಬರಬೇಡಿ. ಇಂಥ ದಿನದಿಂದ ನಾನು, ನನ್ನ ಮಕ್ಕಳು ಇಂಥ ಊರಿನಲ್ಲಿ ಇದ್ದೇವೆ, ಈ ಕಾರ್ಡಿನಿಂದ ನಮ್ಮ ಮೂವರ ಹೆಸರು ಮಾತ್ರ ತೆಗೆಯಿರಿ, ಇಷ್ಟೇ. ಜೊತೆಗೆ ಮಕ್ಕಳು ಹೊಸ ಶಾಲೆಯಲ್ಲಿ ಓದುತ್ತಿರುವ ಪತ್ರ, ಹೊಸ ವಿಳಾಸದ ಆಧಾರ್, ಅಂಗನವಾಡಿ ಟೀಚರ್ ಬರೆದುಕೊಟ್ಟ ಒಂದು ಚೀಟಿ. ಇನ್ನೊಂದು ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ನಮಗೆ ಕೊನೆಗೆ ಕೆಲಸ ಮಾಡಿದ್ದು ಆ ಸೀಲಿನ ಪ್ರತಿಯೇ. ಅರ್ಜಿಯಲ್ಲಿ ಗಂಡನ ಮೇಲಿನ ದೂರನ್ನೆಲ್ಲಾ ಬರೆಯಬೇಡಿ. ನಮ್ಮ ಮೊದಲನೇ ಅರ್ಜಿ ಎರಡು ಪುಟ ಇತ್ತು, ಪೂರ್ತಿ ಜಗಳದ ಕಥೆ. ಓದಿದವರು "ಇದು ನಮಗೆ ಬರಲ್ಲ, ಸ್ಟೇಷನ್ನಿಗೆ ಹೋಗಿ" ಅಂದುಬಿಟ್ಟರು. ಎರಡನೆಯದು ಆರು ಸಾಲು, ತೆಗೆದುಕೊಂಡರು.

ಅಲ್ಲಿ ಹೆಸರು ಹೋದ ಮೇಲೆ ಇಲ್ಲಿ ಯಾವ ಕಾರ್ಡಿಗೆ ಸೇರಿಸುವುದು ಅಂತ ಕೂತು ಯೋಚನೆ ಮಾಡಿ. ಹೊಸ ಬಿಪಿಎಲ್ ಕಾರ್ಡಿನ ಅರ್ಜಿ ವರ್ಷವಿಡೀ ತೆರೆದಿರುವುದಿಲ್ಲ, ಆಗಾಗ ಕೆಲವು ದಿನ ಬಿಡುತ್ತಾರೆ, ಆಗ ಸರ್ವರ್ ಸಿಗುವುದಿಲ್ಲ. ಅದಕ್ಕೇ ನನ್ನ ಸಲಹೆ, ಮೊದಲು ಅಮ್ಮನ ಕಾರ್ಡಿಗೆ ಸೇರಿಸಿ, ಮಕ್ಕಳ ಅಕ್ಕಿ ಶುರುವಾಗಲಿ, ಬೇರೆ ಕಾರ್ಡಿನ ಮಾತು ಆಮೇಲೆ. ಇದರಲ್ಲಿ ಒಂದು ನಷ್ಟ ಇದೆ. ಗೃಹಲಕ್ಷ್ಮಿಯ 2000 ರೂಪಾಯಿ ಕಾರ್ಡಿನಲ್ಲಿ ಯಜಮಾನಿ ಅಂತ ಇರುವವರಿಗೆ ಮಾತ್ರ, ಅಮ್ಮನ ಕಾರ್ಡಿಗೆ ಸೇರಿದ ಮಗಳಿಗೆ ಬೇರೆ ಬರುವುದಿಲ್ಲ. ಅಲ್ಲಿ ಅತ್ತೆಯೇ ಯಜಮಾನಿ ಆಗಿದ್ದರೆ ನೀವು ಕಳೆದುಕೊಳ್ಳುವುದು ಏನೂ ಇಲ್ಲ. ನೀವೇ ಯಜಮಾನಿ ಆಗಿದ್ದರೆ ಕತೆ ಬೇರೆ, ಆಗ ನಿಮ್ಮ ಹೆಸರು ತೆಗೆಸುವ ಬದಲು ಕಾರ್ಡನ್ನೇ ಹೊಸ ವಿಳಾಸಕ್ಕೆ ತರಲು ಆಗುತ್ತದಾ ಅಂತ ಆಹಾರ ಶಾಖೆಯಲ್ಲಿ ಮೊದಲು ಕೇಳಿ. ಇನ್ನೊಂದು ಎಚ್ಚರ. ತವರಿನ ಕಾರ್ಡಿನಲ್ಲಿರುವ ಅಣ್ಣತಮ್ಮಂದಿರು ಯಾರಾದರೂ ಆದಾಯ ತೆರಿಗೆ ಕಟ್ಟುತ್ತಿದ್ದರೆ, ಮನೆಯಲ್ಲಿ ಸ್ವಂತಕ್ಕೆ ಕಾರು ಇದ್ದರೆ, ವರ್ಷದ ಆದಾಯ 1 ಲಕ್ಷದ 20 ಸಾವಿರ ದಾಟಿದ್ದರೆ ಆ ಕಾರ್ಡೇ ಬಿಪಿಎಲ್‌ನಲ್ಲಿ ಉಳಿಯುವುದು ಕಷ್ಟ. ಅಂಥ ಕಾರ್ಡಿಗೆ ಮಕ್ಕಳನ್ನು ಸೇರಿಸಿ ಅದೂ ರದ್ದಾದರೆ ಎರಡೂ ಕಡೆ ಹೋದಂತೆ.

ಈ ವರ್ಗಾವಣೆ ಆಗುವ ತನಕ ಅಕ್ಕಿ ಏನು ಮಾಡುವುದು? ಕಾರ್ಡಿನಲ್ಲಿ ಹೆಸರಿರುವವರು ರಾಜ್ಯದ ಯಾವ ಸೊಸೈಟಿಯಲ್ಲಾದರೂ ಬೆರಳು ಕೊಟ್ಟು ಎತ್ತಬಹುದು, ಮೂಡಿಗೆರೆ ಕಾರ್ಡು ಬೇಲೂರಿನಲ್ಲೂ ನಡೆಯುತ್ತದೆ. ಆದರೆ ಅಲ್ಲಿಯವರು ಆ ತಿಂಗಳದ್ದು ಎತ್ತಿದ್ದರೆ ನಿಮಗೆ ಮಿಷನ್ ಇಲ್ಲ ಅನ್ನುತ್ತದೆ. ಹಾಗಂತ ಒಂದನೇ ತಾರೀಖು ಓಡಿಹೋಗಿ ಎಲ್ಲರ ಪಾಲನ್ನೂ ನೀವೇ ಎತ್ತಬೇಡಿ, ಅತ್ತೆ ಮಾವನ ಅಕ್ಕಿ ಎತ್ತಿದಿರಿ ಅಂತ ಅದೇ ಇನ್ನೊಂದು ಜಗಳ.

ಆದಾಯ ಪ್ರಮಾಣ ಪತ್ರ ಹೊಸದು ಮಾಡಿಸಿ. ಹೋಬಳಿಯ ನಾಡಕಚೇರಿ ಅಥವಾ ಗ್ರಾಮ ಒನ್‌ನಲ್ಲಿ ಅರ್ಜಿ, ಐದು ವರ್ಷ ನಡೆಯುತ್ತದೆ. ಗ್ರಾಮ ಆಡಳಿತಾಧಿಕಾರಿ ವಿಚಾರಿಸಲು ಬಂದಾಗ (ನಮ್ಮ ಕಡೆ ಹಳಬರ ಬಾಯಲ್ಲಿ ಅವರು ಇನ್ನೂ ಶಾನುಭೋಗರೇ) ತಾಯಿ ಬೇರೆ ಇದ್ದಾಳೆ, ಅವಳ ದುಡಿಮೆ ಇಷ್ಟು, ಗಂಡನಿಂದ ಏನೂ ಬರುತ್ತಿಲ್ಲ, ಅಥವಾ ಬರುತ್ತಿದ್ದರೆ ಇಷ್ಟು ಬರುತ್ತಿದೆ ಅಂತ ಇದ್ದದ್ದು ಇದ್ದಂತೆ ಹೇಳಿ. ತೋಟದ ಕೂಲಿಯಾದರೆ ನವೆಂಬರಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲಿನಲ್ಲಿ ಕೈತುಂಬ ಕೆಲಸ, ಮಳೆಗಾಲದಲ್ಲಿ ಕಮ್ಮಿ. ವರ್ಷದ ಲೆಕ್ಕ ಹೇಳಿ, ಕೊಯ್ಲಿನ ತಿಂಗಳದ್ದನ್ನು ಹನ್ನೆರಡರಿಂದ ಗುಣಿಸಿ ಹೇಳಬೇಡಿ. ಜಾತಿ ಪತ್ರ ಸಾಮಾನ್ಯವಾಗಿ ತಂದೆಯ ಕಡೆಯಿಂದಲೇ ಬರುತ್ತದೆ. ಅಂತರ್ಜಾತಿ ಮದುವೆಯಾಗಿ ಮಗು ಪರಿಶಿಷ್ಟ ಜಾತಿ ಅಥವಾ ಪಂಗಡದ ತಾಯಿಯ ಹತ್ತಿರವೇ ಬೆಳೆದಿದ್ದರೆ ಅದನ್ನು ತೋರಿಸಿ ತಾಯಿಯ ಜಾತಿ ಕೇಳಲು ಅವಕಾಶ ಇದೆ ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ, ಆದರೆ ಅದಕ್ಕೆ ವಕೀಲರ ಸಹಾಯ ಬೇಕಾಗುತ್ತದೆ.

ಬ್ಯಾಂಕ್ ಖಾತೆ ವಿಷಯದಲ್ಲಿ ಜನ ಮೋಸ ಹೋಗುವುದು ಎಲ್ಲಿ ಅಂದರೆ, ಹೊಸ ಖಾತೆ ತೆರೆದು ಪಾಸ್‌ಬುಕ್ ಜೆರಾಕ್ಸ್ ಕೊಟ್ಟುಬಿಟ್ಟರೆ ದುಡ್ಡು ಅಲ್ಲಿಗೇ ಬರುತ್ತದೆ ಅಂದುಕೊಳ್ಳುತ್ತಾರೆ. ಬರಲ್ಲ. ಆಧಾರ್ ಯಾವ ಖಾತೆಗೆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ಮಗುವಿನ ಆಧಾರ್ ಅಪ್ಪನ ಜೊತೆಗಿನ ಜಂಟಿ ಖಾತೆಗೆ ಜೋಡಣೆ ಆಗಿದ್ದರೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಅಲ್ಲೇ ಬೀಳುತ್ತದೆ. ಹೊಸ ಖಾತೆಯ ಬ್ಯಾಂಕಿನಲ್ಲಿ "ಡಿಬಿಟಿಗೆ ಆಧಾರ್ ಜೋಡಣೆ ಮಾಡಿ" ಅಂತ ಬೇರೆ ಫಾರಂ ಕೊಡಬೇಕು, ಡಿಬಿಟಿ ಅಂದರೆ ಸರ್ಕಾರದ ಹಣ ನೇರ ಖಾತೆಗೆ ಬರುವುದು. ಮೈನರ್ ಮಗುವಿಗೆ ತಾಯಿಯೇ ಪೋಷಕಿಯಾಗಿ ಖಾತೆ ತೆರೆಯಬಹುದು. ತಂದೆ ಬದುಕಿದ್ದರೂ ಮಗುವಿನ ಜವಾಬ್ದಾರಿ ತಾಯಿಯೇ ಹೊತ್ತಿದ್ದರೆ ಅವಳೂ ಸಹಜ ಪೋಷಕಿಯೇ ಅಂತ 1999ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಇದೆ. ಹತ್ತು ವರ್ಷ ದಾಟಿದ ಮಕ್ಕಳಾದರೆ ತಮ್ಮ ಹೆಸರಲ್ಲೇ ಖಾತೆ ನಡೆಸಲು ಬ್ಯಾಂಕುಗಳು ಬಿಡಬಹುದು. ಎಸ್‌ಎಸ್‌ಪಿಯಲ್ಲಿ ಹೆಸರು ಸ್ಯಾಟ್ಸ್‌ನಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ, ಇನಿಷಿಯಲ್ ಒಂದು ಹೆಚ್ಚುಕಮ್ಮಿ ಆದರೂ ಸಾಕು.

ಇನ್ನು ಪ್ರಾಯೋಜಕತ್ವ. ನಮ್ಮ ಕಡೆ ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ ಒಂದು ಮಗುವಿಗೆ ತಿಂಗಳಿಗೆ 4000 ರೂಪಾಯಿ. ತಾಯಿ ವಿಧವೆ, ವಿಚ್ಛೇದಿತೆ ಅಥವಾ ಗಂಡ ಬಿಟ್ಟವಳಾಗಿದ್ದರೆ, ಮಗು ಅನಾಥವಾಗಿ ನೆಂಟರ ಮನೆಯಲ್ಲಿ ಬೆಳೆಯುತ್ತಿದ್ದರೆ, ಅಪ್ಪ ಅಮ್ಮ ಪ್ರಾಣಕ್ಕೆ ಕುತ್ತು ತರುವ ಕಾಯಿಲೆಯಲ್ಲಿದ್ದರೆ, ಅಥವಾ ಮೈಯಲ್ಲಿ ಶಕ್ತಿಯಿಲ್ಲದೆ ಮಕ್ಕಳನ್ನು ನೋಡಿಕೊಳ್ಳಲು ಆಗದಿದ್ದರೆ ಕೇಳಬಹುದು. ಗಂಡ ಬಿಟ್ಟವಳು ಅನ್ನುವುದು ಬೇರೆಯೇ ಒಂದು ವರ್ಗ, ಅದಕ್ಕೆ ಡೈವೋರ್ಸ್ ಆಗಿರಬೇಕಿಲ್ಲ. ಆದಾಯದ ಮಿತಿ ಹಳ್ಳಿಯಲ್ಲಿ ವರ್ಷಕ್ಕೆ 72,000, ಪಟ್ಟಣದಲ್ಲಿ 96,000. ಮೇಲೆ ಆದಾಯ ಪತ್ರದ ಬಗ್ಗೆ ಅಷ್ಟು ಹೇಳಿದ್ದು ಇದಕ್ಕೇ, ಅಂದಾಜಿನಲ್ಲಿ 80,000 ಅಂತ ಬರೆಸಿಕೊಂಡು ಬಂದರೆ ಹಳ್ಳಿಯವರಿಗೆ ಬಾಗಿಲು ಮುಚ್ಚಿತು.

ಅರ್ಜಿ ಕೊಡುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಬೇಲೂರಿನವರಿಗೆ ಚಿಕ್ಕಮಗಳೂರು ಹತ್ತಿರ, ಸಂತೆಗೂ ಆಸ್ಪತ್ರೆಗೂ ಅಲ್ಲಿಗೇ ಹೋಗುತ್ತೇವೆ, ಆದರೆ ಈ ಕಾಗದ ಹಾಸನಕ್ಕೇ ಹೋಗಬೇಕು. ಮಗು ಈಗ ಇರುವ ಜಿಲ್ಲೆ ಲೆಕ್ಕ. ಹಾಸನಕ್ಕೆ ಹೋಗಿ ಬರುವುದು ಕಷ್ಟವಾದರೆ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಕೇಳಿ, ಇಲ್ಲವೇ ಅಂಗನವಾಡಿ ಟೀಚರ್‌ಗೆ ಹೇಳಿ, ಇಲಾಖೆ ಒಂದೇ. ಮಗು ಮತ್ತು ತಾಯಿಯ ಆಧಾರ್, ಜನನ ಪತ್ರ, ಶಾಲೆಯ ವ್ಯಾಸಂಗ ಪತ್ರ, ಆದಾಯ ಪತ್ರ, ರೇಷನ್ ಕಾರ್ಡು, ಮಗುವಿನ ಖಾತೆಯ ಪಾಸ್‌ಬುಕ್ಕು, ಫೋಟೋ, ತಂದೆ ತೀರಿಕೊಂಡಿದ್ದರೆ ಮರಣ ಪತ್ರ ಇಟ್ಟುಕೊಳ್ಳಿ. ಮನೆಗೆ ಬಂದು ನೋಡುತ್ತಾರೆ, ಆಮೇಲೆ ಸಮಿತಿಯಲ್ಲಿ ತೀರ್ಮಾನ. ತಡ ಆಗುತ್ತದೆ. ಮಗು ಶಾಲೆ ತಪ್ಪಿಸಿದರೆ ನಿಲ್ಲಿಸಬಹುದು, ಅದು ನೆನಪಿರಲಿ, ಕೊಯ್ಲಿನ ಹೊತ್ತಲ್ಲಿ ತೋಟಕ್ಕೆ ಕರೆದುಕೊಂಡು ಹೋಗುವವರಿಗೆ ಹೇಳುತ್ತಿದ್ದೇನೆ.

ಹೆಣ್ಣುಮಕ್ಕಳ ಭಾಗ್ಯಲಕ್ಷ್ಮಿ ಹಣದ ಬಗ್ಗೆ ತುಂಬಾ ಜನ ಹೆದರುತ್ತಾರೆ, ಅಪ್ಪ ತೆಗೆದುಬಿಡುತ್ತಾನೆ ಅಂತ. ಮೊದಲಿನವರಿಗೆ ಎಲ್‌ಐಸಿ ಬಾಂಡು, 2020ರ ನಂತರದವರಿಗೆ ಪೋಸ್ಟಾಫೀಸಿನ ಸುಕನ್ಯಾ ಸಮೃದ್ಧಿ ಖಾತೆ, ಸರ್ಕಾರ ವರ್ಷಕ್ಕೆ 3000ದಂತೆ 15 ವರ್ಷ ಕಟ್ಟುತ್ತದೆ. ಎರಡೂ ಮಗಳ ಹೆಸರಲ್ಲೇ ಇರುತ್ತದೆ. ಬಾಂಡೋ ಪಾಸ್‌ಬುಕ್ಕೋ ಅಲ್ಲೇ ಬೀರುವಿನಲ್ಲಿ ಉಳಿಯಿತು ಅಂತ ಹಕ್ಕು ಹೋಗುವುದಿಲ್ಲ, ನೋಂದಣಿ ಮಾಡಿಸಿದ ಸಿಡಿಪಿಒ ಕಚೇರಿಯಲ್ಲಿ ಲೆಕ್ಕ ಇರುತ್ತದೆ, ಹೊಸ ವಿಳಾಸ ಬರೆದು ಕೊಡಿ. ಸುಕನ್ಯಾ ಖಾತೆಯನ್ನು ಒಂದು ಅಂಚೆ ಕಚೇರಿಯಿಂದ ಇನ್ನೊಂದಕ್ಕೆ ವರ್ಗ ಮಾಡಿಸಬಹುದು. ಅಜ್ಜ ಅಜ್ಜಿ ಪ್ರೀತಿಯಿಂದ ಮೊಮ್ಮಗಳಿಗೆ ತಾವೇ ಪೋಷಕರಾಗಿ ಇಂಥ ಖಾತೆ ತೆರೆದಿದ್ದರೆ 2024ರ ನಿಯಮದ ಪ್ರಕಾರ ಅದು ತಂದೆ, ತಾಯಿ ಅಥವಾ ಕೋರ್ಟ್ ನೇಮಿಸಿದ ಪೋಷಕರ ಹೆಸರಿಗೆ ಬದಲಾಗಬೇಕು.

ಗಂಡ ತೀರಿಕೊಂಡು ತವರಿಗೆ ಬಂದಿದ್ದರೆ ಮೊದಲ ಕೆಲಸ ಮರಣ ನೋಂದಣಿ, 21 ದಿನದೊಳಗೆ ಆದರೆ ಖರ್ಚಿಲ್ಲ. ವಿಧವಾ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ. ಬಿಪಿಎಲ್ ಮನೆಯಲ್ಲಿ ದುಡಿಯುವ ಮುಖ್ಯ ವ್ಯಕ್ತಿ 18ರಿಂದ 59 ವರ್ಷದೊಳಗೆ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ ಒಂದೇ ಸಲ 20,000 ರೂಪಾಯಿ ಇದೆ, ಇದನ್ನು ಕೇಳದೇ ಬಿಡುವವರೇ ಜಾಸ್ತಿ. ಈ ಅರ್ಜಿಗೆ ಹಳೇ ರೇಷನ್ ಕಾರ್ಡು ಬೇಕಾಗುತ್ತದೆ, ಅದಕ್ಕೇ ಅಲ್ಲಿಂದ ಹೆಸರು ತೆಗೆಸುವ ಮೊದಲು ಕಾರ್ಡಿನ ಒಂದು ಜೆರಾಕ್ಸ್ ಇಟ್ಟುಕೊಳ್ಳಿ.

ಎಲ್ಲಾದರೂ ಅರ್ಜಿಯೇ ತೆಗೆದುಕೊಳ್ಳದಿದ್ದರೆ ಅಥವಾ ಅರ್ಜಿ ಮಲಗಿದ್ದರೆ ಸಕಾಲದ ಜಿಎಸ್‌ಸಿ ನಂಬರ್ (ಅರ್ಜಿ ತೆಗೆದುಕೊಂಡಿದ್ದಕ್ಕೆ ಕೊಡುವ ಸಂಖ್ಯೆ) ಕೇಳಿ, ಅದರಲ್ಲಿ ಎಷ್ಟು ದಿನದಲ್ಲಿ ಆಗಬೇಕು ಅಂತ ಇರುತ್ತದೆ. 1902ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು. ಜೀವನಾಂಶ, ಮಕ್ಕಳು ಯಾರ ಹತ್ತಿರ ಅನ್ನುವ ವಿಷಯ ಬಂದರೆ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ, ಅವರ ಸಹಾಯವಾಣಿ 15100. ಮಗುವಿಗೇ ಅಪಾಯ ಅನ್ನಿಸಿದರೆ 1098.

ಮನಸ್ಸು ಕೂಡಿ ವಾಪಸ್ ಹೋಗುವವರೂ ಇದ್ದಾರೆ, ಒಳ್ಳೆಯದೇ. ಆದರೆ ಹೋದ ಮರುದಿನವೇ ರೇಷನ್ ಕಾರ್ಡಿನಿಂದ ಹೆಸರು ತೆಗೆಸಲು ಓಡಬೇಡಿ. ಶಾಲೆ ಮತ್ತು ಅಂಗನವಾಡಿ ಮಾತ್ರ ತಕ್ಷಣ ವರ್ಗ ಮಾಡಿಸಿ, ಪ್ರಾಯೋಜಕತ್ವದ ಹಣ ಬರುತ್ತಿದ್ದರೆ ಘಟಕಕ್ಕೆ ತಿಳಿಸಿ, ಕಾರ್ಡನ್ನು ಎರಡು ಮೂರು ತಿಂಗಳು ನೋಡಿಕೊಂಡು ಮಾಡಿ. ನನ್ನ ತಂಗಿ ಹೋಗಲಿಲ್ಲ. ಅಮ್ಮನ ಕಾರ್ಡಿನಲ್ಲಿ ಈಗ ಆರು ಹೆಸರು, ತಿಂಗಳ ಮೊದಲ ವಾರ ಸೊಸೈಟಿಗೆ ಹೋಗುವುದು ಮಾವನಾದ ನನ್ನ ಕೆಲಸ, ದೊಡ್ಡವನು ಚೀಲ ಹಿಡಿದುಕೊಂಡು ಹಿಂದೆ ಬರುತ್ತಾನೆ.